ಊರಿಗೆ ನೀರು ಕೊಡುವ ಹಳ್ಳಕ್ಕೆ ಕೊಳಕು ಎಲ್ಲಿಂದ ಸೇರುತ್ತಿದೆ? ಹುಡುಕುವುದು ಹೇಗೆ?

ಟೀಚರ್_ಮಲೆನಾಡು:

ನಮಸ್ಕಾರ. ಹೇಮಾವತಿ ಹುಟ್ಟುವ ಜಾವಳಿಯಿಂದ ಕೆಳಗಿನ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಊರಿನ ಹೆಸರು ಬೇಡ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಸುಮ್ನೆ ಜಗಳ ಆಗುತ್ತದೆ.

ನಮಗೆ ನಲ್ಲಿ ನೀರು ಬರುವುದು ಹೊಳೆಯಿಂದಲ್ಲ, ಹೊಳೆಗೆ ಸೇರುವ ಒಂದು ಹಳ್ಳದಿಂದ. ಹಳ್ಳಕ್ಕೆ ಅಡ್ಡವಾಗಿ ಒಂದು ಒಡ್ಡು ಕಟ್ಟಿದ್ದಾರೆ. ಪಕ್ಕದಲ್ಲಿ ನೀರು ಎತ್ತುವ ಬಾವಿ, ಅಂದರೆ ಜಾಕ್‌ವೆಲ್, ಗುಡ್ಡದ ಮೇಲೆ ಫಿಲ್ಟರ್ ಹೌಸ್. ಒಡ್ಡಿನಿಂದ ಮೇಲಕ್ಕೆ ಆರು ಕಿಲೋಮೀಟರ್ ಹೋದರೆ ಕಾಡು. ಆ ಆರು ಕಿಲೋಮೀಟರ್ ಮಧ್ಯೆ ಕಾಫಿ ತೋಟಗಳು, ತೋಟದ ಆಳುಗಳು ಇರುವ ಒಂದಷ್ಟು ಲೈನ್ ಮನೆಗಳು, ಹೋಮ್‌ಸ್ಟೇಗಳು, ಸೇತುವೆ ಹತ್ತಿರ ಸಾಲಾಗಿ ಲಾಡ್ಜ್‌ಗಳು, ಅಲ್ಲಲ್ಲಿ ಕೊಟ್ಟಿಗೆಗಳು. ಎಡಬಲದಿಂದ ಸಣ್ಣ ಸಣ್ಣ ತೋಡುಗಳು ಬಂದು ಸೇರುತ್ತವೆ.

ತೊಂದರೆ ಹೀಗಿದೆ. ಡಿಸೆಂಬರ್, ಜನವರಿಯಲ್ಲಿ ನಲ್ಲಿ ನೀರಿಗೆ ಒಂದು ಹುಳಿ ನಾತ, ತೆಳು ಕಂದು ಬಣ್ಣ. ಫೆಬ್ರುವರಿ ಕಳೆದರೆ ಅದು ಹೋಗುತ್ತದೆ. ಆಮೇಲೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ) ಬಿದ್ದ ವಾರ ಶಾಲೆಯಲ್ಲಿ ಅರ್ಧ ಮಕ್ಕಳಿಗೆ ಹೊಟ್ಟೆ ಕೆಟ್ಟಿರುತ್ತದೆ. ಕಚೇರಿಯಲ್ಲಿ ಕೇಳಿದರೆ "ಬ್ಲೀಚಿಂಗ್ ಹಾಕಿದ್ದೇವೆ ಮೇಡಂ" ಎನ್ನುತ್ತಾರೆ. ಊರಿನವರು ಪ್ಲಾಂಟರ್‌ಗಳ ಕಡೆ ಕೈ ತೋರಿಸುತ್ತಾರೆ. ಪ್ಲಾಂಟರ್‌ಗಳು ಹೋಮ್‌ಸ್ಟೇ ಕಡೆ. ಹೋಮ್‌ಸ್ಟೇಯವರು ಲೈನ್ ಮನೆಗಳ ಕಡೆ. ಲೈನಿನವರಿಗೆ ಕೈ ತೋರಿಸಲು ಯಾರೂ ಉಳಿದಿಲ್ಲ.

ನನ್ನ ಹತ್ತಿರ ನೀರಿನಲ್ಲಿ ಕರಗಿದ ಲವಣ ಅಳೆಯುವ ಶಾಲೆಯ ಟಿಡಿಎಸ್ ಪೆನ್ ಇದೆ. ಅದರಲ್ಲಿ ಮೈಕ್ರೋಸೀಮೆನ್ಸ್ (ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎನ್ನುವ ಅಳತೆ) ಕೂಡ ತೋರಿಸುತ್ತದೆ. ಪಿಎಚ್ ಪೇಪರ್ ಇದೆ. ಪಂಚಾಯಿತಿಯಿಂದ ಕೆಲವು ಎಚ್2ಎಸ್ ಬಾಟಲಿ ಸಿಕ್ಕಿವೆ, ನೀರಿಗೆ ಮಲದ ಕೊಳಕು ಸೇರಿದ್ದರೆ ಕಪ್ಪಾಗುವಂಥವು. ಹಳ್ಳದ ನೀರು ಹಾಕಿದರೆ ಎಲ್ಲಾ ಬಾಟಲಿಯೂ ಕಪ್ಪಾಗುತ್ತದೆ, ಕಾಡಿನ ಅಂಚಿನದು ಕೂಡ! ಭಾನುವಾರ ಬೆಳಿಗ್ಗೆ ನನ್ನ ಯಜಮಾನರು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಲ್ಯಾಬಿಗೆ ಕೊಡಲು ಜಾಸ್ತಿ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ? ಯಾವ ಟೆಸ್ಟಿಗೆ ದುಡ್ಡು ಹಾಕಿದರೆ ಉಪಯೋಗ?

ನೆಮ್ಮದಿ_99:

ಇಷ್ಟೆಲ್ಲ ಯಾಕೆ ಮೇಡಂ, ಮನೆಗೆ ಒಂದು ಆರ್‌ಒ ಹಾಕಿಸಿ ಸುಮ್ನಿರಿ.

ಲ್ಯಾಬ್_ಕಾಕಾ:

ಆರ್‌ಒ ಬೇಡ. ಅದು ಮುಖ್ಯವಾಗಿ ಕರಗಿದ ಲವಣ ತೆಗೆಯಲು, ಮಲೆನಾಡಿನ ನೀರಲ್ಲಿ ಅದು ಬಹಳ ಕಮ್ಮಿ. ಸದ್ಯಕ್ಕೆ ಮಕ್ಕಳಿಗೆ ನೀರನ್ನು ಚೆನ್ನಾಗಿ ಕುದಿ ಬರುವವರೆಗೆ ಕಾಯಿಸಿ ಕೊಡಿ. ಅಂಗನವಾಡಿಗೂ ಹೇಳಿ.

ನಾನು ಜಿಲ್ಲಾ ಮಟ್ಟದ ನೀರು ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೂಲ್‌ಡ್ರಿಂಕ್ಸ್ ಬಾಟಲಿ, ಜೇನಿನ ಬಾಟಲಿ, ಒಮ್ಮೆ ಕೆಮ್ಮಿನ ಔಷಧಿ ಬಾಟಲಿ, ಹೀಗೆ ಎಲ್ಲದರಲ್ಲೂ ನೀರು ತಂದು ಕೊಟ್ಟವರನ್ನು ನೋಡಿದ್ದೇನೆ. ಎಲ್ಲರದೂ ಒಂದೇ ಪ್ರಶ್ನೆ, "ಸಾರ್, ಇದು ಯಾರು ಮಾಡಿದ್ದು ಹೇಳಿ". ಬಾಟಲಿ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಯಾವ ಹೊತ್ತಿಗೆ, ಯಾವ ತಿಂಗಳಲ್ಲಿ ಕೆಡುತ್ತದೆ ಎನ್ನುವುದು ಮೊದಲು. ಯಾರು ಎನ್ನುವುದು ಆಮೇಲೆ.

ನೀವು ಅರ್ಧ ಉತ್ತರ ಆಗಲೇ ಬರೆದಿದ್ದೀರಿ ಮೇಡಂ. ನಿಮ್ಮದು ಒಂದು ತೊಂದರೆಯಲ್ಲ, ಎರಡು. ಚಳಿಗಾಲದ ಹುಳಿ ನಾತ ಬೇರೆ, ಹೂಮಳೆಯ ಹೊಟ್ಟೆನೋವು ಬೇರೆ. ಮಳೆಯೇ ಇಲ್ಲದ ಕಾಲದಲ್ಲಿ ನೀರು ಕೆಟ್ಟರೆ, ಯಾವುದೋ ಪೈಪು, ಮೋರಿ ಅಥವಾ ಹೊಂಡದಿಂದ ನೇರವಾಗಿ ಬಂದು ಬೀಳುತ್ತಿದೆ ಎಂದು ಅರ್ಥ. ಹಳ್ಳದಲ್ಲಿ ನೀರು ಕಮ್ಮಿಯಾದಷ್ಟೂ ಅದು ಎದ್ದು ಕಾಣುತ್ತದೆ. ಮಳೆ ಬಿದ್ದಾಗ ಮಾತ್ರ ಕೆಟ್ಟರೆ, ನೆಲದ ಮೇಲೆ ಬಿದ್ದದ್ದು ಕೊಚ್ಚಿ ಬರುತ್ತಿದೆ. ಸಗಣಿ, ಬಯಲು ಶೌಚ, ಕಸದ ಗುಂಡಿ, ತುಂಬಿ ಉಕ್ಕಿದ ಇಂಗುಗುಂಡಿ, ರಾತ್ರಿ ಬಂದು ತೋಡಿಗೆ ಖಾಲಿ ಮಾಡಿ ಹೋಗುವ ಸೆಪ್ಟಿಕ್ ಟ್ಯಾಂಕ್ ಗಾಡಿ, ಎಲ್ಲ ಇದರಲ್ಲೇ ಬರುತ್ತವೆ. ಹಾಗಾಗಿ ಎರಡಕ್ಕೂ ಒಬ್ಬನೇ ಕಳ್ಳನನ್ನು ಹುಡುಕಬೇಡಿ.

ಮೊದಲು ಹಳ್ಳಕ್ಕಲ್ಲ, ಫಿಲ್ಟರ್ ಹೌಸಿಗೆ ಹೋಗಿ. ಅಲ್ಲಿ ಒಂದು ಲಾಗ್ ಪುಸ್ತಕ ಇರಬೇಕು. ದಿನಕ್ಕೆ ರಾಡಿ ಇಳಿಸುವ ಆಲಂ ಎಷ್ಟು, ಎಷ್ಟು ಬ್ಲೀಚಿಂಗ್, ಎಷ್ಟು ಹೊತ್ತು ಪಂಪ್ ಓಡಿತು, ಎಲ್ಲ ಬರೆದಿರುತ್ತಾರೆ. ಬರೆಯುವವನು ವಾಟರ್‌ಮ್ಯಾನ್, ಅವನಿಗೆ ಇಂಜಿನಿಯರ್‌ಗಿಂತ ಜಾಸ್ತಿ ಗೊತ್ತಿರುತ್ತದೆ. ಟೀ ಕುಡಿಸಿ ಕೇಳಿ. ನೀರಿನಲ್ಲಿ ಕೊಳೆಯುವ ವಸ್ತು ಅಥವಾ ಅಮೋನಿಯಾ ಇದ್ದರೆ ಅದೇ ಕ್ಲೋರಿನ್ ತಿಂದುಬಿಡುತ್ತದೆ. ಎಂದಿನಷ್ಟೇ ಬ್ಲೀಚಿಂಗ್ ಹಾಕಿದರೂ ನಲ್ಲಿ ತುದಿಯಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ. ಆರೋಗ್ಯ ಕೇಂದ್ರದಲ್ಲಿ ಅದನ್ನು ನೋಡುವ ಕ್ಲೋರೋಸ್ಕೋಪ್ ಇರುತ್ತದೆ, ಎರಡು ನಿಮಿಷದ ಕೆಲಸ. "ಬ್ಲೀಚಿಂಗ್ ಹಾಕಿದ್ದೇವೆ" ಎನ್ನುವುದು ಸುಳ್ಳಲ್ಲದೆ ಇರಬಹುದು. ಆದರೆ ಉಳಿದಿದೆಯಾ ಎಂದು ಕೇಳಿ. ಯಾವ ದಿನದಿಂದ ಬ್ಲೀಚಿಂಗ್ ಜಾಸ್ತಿ ಬೇಕಾಯಿತು ಎಂದು ಪುಸ್ತಕದಲ್ಲಿ ನೋಡಿದರೆ, ಹಳ್ಳ ಕೆಟ್ಟ ತಾರೀಖು ಪುಕ್ಕಟೆ ಸಿಗುತ್ತದೆ. ಪುಸ್ತಕ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಕೊಡಬೇಕು.

ಎಚ್2ಎಸ್ ಬಾಟಲಿ ಕಪ್ಪಾಗುವುದರಲ್ಲಿ ಆಶ್ಚರ್ಯ ಇಲ್ಲ. ಅದು ನಲ್ಲಿ ನೀರಿಗೆ, ಬೋರ್‌ವೆಲ್‌ಗೆ ಮಾಡಿದ ಟೆಸ್ಟು. ತೆರೆದ ಹಳ್ಳದಲ್ಲಿ ಕಾಡೆಮ್ಮೆ, ಹಂದಿ, ಹಕ್ಕಿ ಎಲ್ಲವೂ ಇರುತ್ತವೆ. ಹೌದು ಅಥವಾ ಇಲ್ಲ ಎಂದಷ್ಟೇ ಹೇಳುವ ಟೆಸ್ಟಿನಿಂದ ಹಳ್ಳದಲ್ಲಿ ಏನೂ ತಿಳಿಯುವುದಿಲ್ಲ. ಆ ಬಾಟಲಿಗಳನ್ನು ನಲ್ಲಿಗೆ ಇಟ್ಟುಕೊಳ್ಳಿ. ಹಳ್ಳಕ್ಕೆ ಎಣಿಕೆ ಬೇಕು. ನೂರು ಮಿ.ಲೀ.ಗೆ ಎಷ್ಟು ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಂದು ಲ್ಯಾಬ್ ಕೊಡಬೇಕು. ಅಲ್ಲೂ 500ಕ್ಕೂ 800ಕ್ಕೂ ವ್ಯತ್ಯಾಸ ಹುಡುಕಬೇಡಿ. 500 ಇದ್ದದ್ದು 50,000 ಆದರೆ ನಿಂತು ನೋಡಿ.

ಈಗ ನಿಮ್ಮ ಪೆನ್. ಇದನ್ನು ಕೋಲಾರದಲ್ಲಿ ಹಳ್ಳಕ್ಕೆ ಅದ್ದಿದರೆ ಏನೂ ತಿಳಿಯುವುದಿಲ್ಲ, ಅಲ್ಲಿ ನೀರೇ ಗಡಸು. ನಿಮ್ಮ ಕಡೆ ಹಾಗಲ್ಲ. ಜಾಸ್ತಿ ಮಳೆ ಬೀಳುವ ಜಾಗ, ಕೆಳಗೆ ಗಟ್ಟಿ ಕಲ್ಲು, ಕಾಡಿನ ನೀರು ಮಳೆನೀರಿನಷ್ಟೇ ತೆಳು. ಮೂವತ್ತು, ನಲವತ್ತು ಮೈಕ್ರೋಸೀಮೆನ್ಸ್ ತೋರಿಸಬಹುದು. ಊರಿನ ಮೋರಿ ನೀರು ಸುಲಭವಾಗಿ 700 ದಾಟುತ್ತದೆ. ಅಂದರೆ ಒಂದು ಚೂರು ಮೋರಿ ನೀರು ಸೇರಿದರೂ ಪೆನ್ ಹೇಳುತ್ತದೆ. ಮಲೆನಾಡಿನಲ್ಲಿ ಇದಕ್ಕಿಂತ ಅಗ್ಗದ ಪತ್ತೇದಾರ ಇಲ್ಲ.

ಕ್ರಮ ಹೀಗೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಮೇತ ಹಳ್ಳ ನೋಡಿ, ಎಲ್ಲೆಲ್ಲಿ ತೋಡು ಸೇರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಡ್ಡಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಆಗ ನಿಮ್ಮ ಕಾಲಿನ ಕೆಸರು ನಿಮ್ಮ ಸ್ಯಾಂಪಲ್‌ಗೆ ಬರುವುದಿಲ್ಲ. ಪ್ರತಿ ಕೂಡುವ ಜಾಗದಲ್ಲಿ ಮೂರು ಅಳತೆ. ಕೂಡುವ ಮೊದಲು ಹಳ್ಳದಲ್ಲಿ ಒಂದು, ತೋಡಿನಲ್ಲಿ ಒಂದು, ಎರಡೂ ಚೆನ್ನಾಗಿ ಬೆರೆತ ಮೇಲೆ ಕೆಳಗೆ ಒಂದು. ಬೆರೆಯಲು ಸ್ವಲ್ಪ ದೂರ ಬೇಕು. ಎರಡು ದಡದಲ್ಲೂ ಪೆನ್ ಒಂದೇ ಸಂಖ್ಯೆ ತೋರಿಸಿದರೆ ಬೆರೆತಿದೆ ಎಂದು ಲೆಕ್ಕ.

ಜತೆಗೆ ಹರಿವು ಅಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಜಗಳ ಆಡುತ್ತಾರೆ. ನೇರವಾಗಿ ಹರಿಯುವ ಹತ್ತು ಮೀಟರ್ ಜಾಗ ನೋಡಿ, ಒಂದು ಕಿತ್ತಳೆ ಹಣ್ಣು ಬಿಡಿ, ಎಷ್ಟು ಸೆಕೆಂಡು ಎಂದು ನೋಡಿ. ನಲವತ್ತು ಸೆಕೆಂಡಿಗೆ ಹತ್ತು ಮೀಟರ್ ಹೋದರೆ ಸೆಕೆಂಡಿಗೆ 0.25 ಮೀಟರ್. ಮೇಲ್ಭಾಗದ ನೀರು ಬೇಗ ಹೋಗುತ್ತದೆ, ತಳದ್ದು ನಿಧಾನ. ಅದಕ್ಕೆ 0.8ರಿಂದ ಗುಣಿಸಿದರೆ 0.2. ಅಗಲ ಎರಡು ಮೀಟರ್, ಸರಾಸರಿ ಆಳ ಕಾಲು ಮೀಟರ್ ಇದ್ದರೆ ಸೆಕೆಂಡಿಗೆ 100 ಲೀಟರ್ ಆಯಿತು. ಸಣ್ಣ ತೋಡಾದರೆ ಬಕೆಟ್ ಸಾಕು.

ಈಗ ಹಳ್ಳದಲ್ಲಿ 100 ಲೀಟರ್, ಪೆನ್ 40 ಎಂದಿಟ್ಟುಕೊಳ್ಳಿ. ತೋಡಿನಲ್ಲಿ 10 ಲೀಟರ್, ಪೆನ್ 160. ಬೆರೆತ ಮೇಲೆ ಎಷ್ಟಿರಬೇಕು? ನೂರನ್ನು ನಲವತ್ತರಿಂದ, ಹತ್ತನ್ನು ನೂರಾ ಅರವತ್ತರಿಂದ ಗುಣಿಸಿ, ಕೂಡಿಸಿ, 110ರಿಂದ ಭಾಗಿಸಿ. ಸುಮಾರು 51. ಅಷ್ಟೇ ಬಂದರೆ ಸರಿ, ಮುಂದೆ ಹೋಗಿ. ಎಪ್ಪತ್ತು ಬಂದರೆ ನೀವು ನೋಡದ ಇನ್ನೊಂದು ಪೈಪು ಆ ಮಧ್ಯೆ ಇದೆ. ಕಪ್ಪಗೆ ನಾರುವ ತೋಡು ಸೆಕೆಂಡಿಗೆ ಅರ್ಧ ಲೀಟರ್ ಹರಿಯುತ್ತಿದ್ದರೆ ಅದು ದೊಡ್ಡ ಅಪರಾಧಿ ಆಗದೆ ಇರಬಹುದು. ಸ್ವಲ್ಪವೇ ಕಲಕಿದಂತೆ ಕಾಣುವ ದೊಡ್ಡ ತೋಡೇ ಜಾಸ್ತಿ ಕೊಳಕು ಹೊತ್ತು ತರುತ್ತಿರಬಹುದು.

ಲ್ಯಾಬಿಗೆ ಕಳಿಸುವುದು ಪೆನ್ ಏರಿದ ಜಾಗದ್ದು ಮಾತ್ರ. ಬ್ಯಾಕ್ಟೀರಿಯಾಕ್ಕೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಬಾಟಲಿ. ಅದನ್ನು ತೊಳೆಯಬೇಡಿ, ಮುಚ್ಚಳದ ಒಳಗೆ ಬೆರಳು ಹಾಕಬೇಡಿ. ಹರಿವಿಗೆ ಎದುರಾಗಿ ನಿಂತು, ನಡು ಹಳ್ಳದಲ್ಲಿ ಮುಳುಗಿಸಿ ತುಂಬಿ, ಐಸ್ ಡಬ್ಬದಲ್ಲಿ ಅದೇ ದಿನ ತಲುಪಿಸಿ. ಇ-ಕೋಲಿ, ಅಮೋನಿಯಾ, ಬಿಒಡಿ (ನೀರಿನಲ್ಲಿ ಕೊಳೆಯುವ ವಸ್ತು ಎಷ್ಟು ಆಮ್ಲಜನಕ ತಿನ್ನುತ್ತದೆ ಎನ್ನುವ ಅಳತೆ), ಇಷ್ಟಕ್ಕೆ ದುಡ್ಡು ಹಾಕಿ. "ಫುಲ್ ಟೆಸ್ಟ್" ಎಂದು ಗಡಸುತನ, ಫ್ಲೋರೈಡ್ ಎಲ್ಲಾ ಸೇರಿಸಿ ಬಿಲ್ ಮಾಡಿಸಿಕೊಳ್ಳಬೇಡಿ.

ಕಣದ_ಮನೆ:

ನಾನು ಪ್ಲಾಂಟರ್, ಕೊಡಗು. ದೊಡ್ಡ ಎಸ್ಟೇಟ್ ಅಲ್ಲ. ನಮ್ಮ ಮಡಿಕೇರಿಗೂ ಕೂಟುಹೊಳೆಯಿಂದಲೇ ನೀರು, ಹಾಗಾಗಿ ಈ ವಿಷಯ ನನಗೂ ಬೇಕಾದದ್ದೇ. ಟೀಚರ್ ಹೇಳಿದ ಹುಳಿ ನಾತ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸದ ನೀರಿನದ್ದೇ ಇರಬೇಕು. ಮುಚ್ಚಿಟ್ಟು ಏನು ಪ್ರಯೋಜನ.

ಆದರೆ ಅದು ಹೇಗೆ ಆಗುತ್ತದೆ ಎಂದು ಸ್ವಲ್ಪ ತಿಳಿದುಕೊಳ್ಳಿ. ಎಲ್ಲಾ ಕಾಫಿಯಿಂದ ಈ ನೀರು ಬರುವುದಿಲ್ಲ. ರೊಬಸ್ಟಾವನ್ನು ಜಾಸ್ತಿ ಜನ ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿ ಚೆರಿ ಮಾಡುತ್ತಾರೆ, ಅದಕ್ಕೆ ನೀರೇ ಬೇಡ. ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿ ಅರೇಬಿಕಾ ಪಾರ್ಚ್‌ಮೆಂಟ್ ಮಾಡುವವರಿಗೆ ಪಲ್ಪರ್ ಮಷೀನ್ ಬೇಕು. ಹಣ್ಣು ಕುಯ್ದ ದಿನವೇ ಪಲ್ಪ್ ಮಾಡಬೇಕು, ಮರುದಿನಕ್ಕೆ ಇಟ್ಟರೆ ಹುಳಿತು ಕಾಫಿ ಹಾಳು. ಸಂಜೆ ಆಳುಗಳು ಹಣ್ಣು ತಂದು ಅಳೆದು ಕೊಟ್ಟ ಮೇಲೆ ಮಷೀನ್ ಶುರು. ಮುಗಿಯುವಾಗ ರಾತ್ರಿ. ಆಮೇಲೆ ಬೀಜದ ಮೇಲಿನ ಲೋಳೆ ಬಿಡಿಸಿ ತೊಳೆಯಬೇಕು. ಆ ತೊಳೆದ ನೀರೇ ಈ ನಾತದ್ದು. ಅದರಲ್ಲಿ ಸಕ್ಕರೆ, ಲೋಳೆ, ಸಿಪ್ಪೆಯ ರಸ ಇರುತ್ತದೆ. ಬಿಟ್ಟರೆ ಒಂದೇ ದಿನದಲ್ಲಿ ಹುಳಿಯುತ್ತದೆ.

ನಿಯಮದ ಪ್ರಕಾರ ಹೊಂಡಕ್ಕೆ ಬಿಟ್ಟು, ಸುಣ್ಣ ಹಾಕಿ ಹುಳಿ ಮುರಿದು, ಕೊಳೆಸಿ, ಆಮೇಲೆ ತೋಟಕ್ಕೇ ಬಿಡಬೇಕು. ಬಹಳ ಜನ ಮಾಡುತ್ತಾರೆ. ನಾನು ಮಾಡುತ್ತೇನೆ. ತಕರಾರು ಎಲ್ಲಿ ಎಂದರೆ, ಹಣ್ಣು ಒಟ್ಟಿಗೆ ಬಂದ ವಾರ ಹೊಂಡ ತುಂಬಿ ಬದು ಮೇಲೆ ಹರಿಯುತ್ತದೆ. ಇಲ್ಲವೇ ಹೊಂಡದ ತಳಕ್ಕೆ ಶೀಟ್ ಹಾಕಿರುವುದಿಲ್ಲ, ಕೆಳಗಿನ ತೋಡಿಗೆ ಒಸರುತ್ತದೆ. ಇನ್ನು ಕೆಲವರು ಕತ್ತಲಲ್ಲಿ ಗೇಟ್ ಎತ್ತಿಬಿಡುತ್ತಾರೆ. ಅವರಿಂದ ನಮಗೆಲ್ಲ ಕೆಟ್ಟ ಹೆಸರು.

ಟೀಚರೇ, ನೀವು ಭಾನುವಾರ ಬೆಳಿಗ್ಗೆ ಹೋಗಿ ಅಳೆದರೆ ಇದು ಸಿಗುವುದೇ ಇಲ್ಲ. ಭಾನುವಾರ ಕುಯ್ಲು ಇರುವುದಿಲ್ಲವಲ್ಲ! ಶನಿವಾರ ರಾತ್ರಿಯ ನೀರು ಭಾನುವಾರ ಹತ್ತು ಗಂಟೆಗೆ ನಿಮ್ಮ ಒಡ್ಡು ದಾಟಿ ಹೋಗಿರುತ್ತದೆ.

ಲ್ಯಾಬ್_ಕಾಕಾ:

ಕಣದ ಮನೆಯವರು ಬಂದದ್ದು ಒಳ್ಳೆಯದಾಯಿತು. ಇಂಥ ಮಾತು ನಮಗೆ ಲ್ಯಾಬಿನಲ್ಲಿ ಕೂತರೆ ಸಿಗುವುದಿಲ್ಲ.

ಮೇಲಿನ ಲೆಕ್ಕವನ್ನೇ ಇಟ್ಟುಕೊಳ್ಳಿ. ಸರಾಸರಿ ವೇಗ 0.2 ಮೀಟರ್ ಎಂದರೆ ಗಂಟೆಗೆ ಮುಕ್ಕಾಲು ಕಿಲೋಮೀಟರಿಗೂ ಸ್ವಲ್ಪ ಕಮ್ಮಿ. ಆರು ಕಿಲೋಮೀಟರ್ ಮೇಲೆ ಸಂಜೆ ಏಳಕ್ಕೆ ಬಿಟ್ಟ ನೀರು ಒಡ್ಡಿಗೆ ಬರುವುದು ಬೆಳಗಿನ ಜಾವ ಮೂರರ ಮೇಲೆ. ಮಧ್ಯದ ತೋಟದ್ದು ನಡುರಾತ್ರಿ. ವಾಟರ್‌ಮ್ಯಾನ್ ಯಾವ ಹೊತ್ತಿಗೆ ಪಂಪ್ ಹಾಕುತ್ತಾನೆ ಕೇಳಿ. ರಾತ್ರಿ ಇಡೀ ಓಡಿಸುತ್ತಿದ್ದರೆ, ಕೆಟ್ಟ ನೀರನ್ನೇ ಆರಿಸಿ ಎತ್ತಿದ ಹಾಗಾಯಿತು. ಆ ಎರಡು ತಿಂಗಳು ಪಂಪ್ ಹೊತ್ತು ಬದಲಿಸಿದರೆ ಅರ್ಧ ನಾತ ಕಮ್ಮಿಯಾಗಬಹುದು, ಅದಕ್ಕೆ ಯಾರ ಮೇಲೂ ಕೇಸ್ ಬೇಕಿಲ್ಲ.

ಪಲ್ಪಿಂಗ್ ನೀರಿಗೂ ಮೋರಿ ನೀರಿಗೂ ಗುರುತು ಬೇರೆ. ಎರಡರಲ್ಲೂ ಪೆನ್ ಏರುತ್ತದೆ, ಕಾಫಿ ಸಿಪ್ಪೆಯಲ್ಲಿ ಪೊಟ್ಯಾಶ್ ಜಾಸ್ತಿ. ಆದರೆ ಪಲ್ಪಿಂಗ್ ನೀರು ಹುಳಿ, ಪಿಎಚ್ ನಾಲ್ಕರ ಆಸುಪಾಸು. ಬಿಒಡಿ ಲೀಟರಿಗೆ ಸಾವಿರಗಟ್ಟಲೆ ಮಿ.ಗ್ರಾಂ. ಮೋರಿ ನೀರಿನದ್ದು ಇನ್ನೂರು, ಮುನ್ನೂರು ಇರುತ್ತದೆ ಅಷ್ಟೇ. ಹಾಗಿದ್ದೂ ಪಲ್ಪಿಂಗ್ ನೀರಲ್ಲಿ ಇ-ಕೋಲಿ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಬಿಒಡಿ ಏರಿ, ಪಿಎಚ್ ಇಳಿದು, ಇ-ಕೋಲಿ ಮೇಲಿನಷ್ಟೇ ಇದ್ದರೆ ಪಲ್ಪರ್. ಇ-ಕೋಲಿ, ಅಮೋನಿಯಾ ಎರಡೂ ಹಾರಿ, ಪಿಎಚ್ ಅಲ್ಲಾಡದಿದ್ದರೆ ಮನುಷ್ಯರದ್ದು ಅಥವಾ ದನದ್ದು. ಕಲ್ಲಿನ ಮೇಲೆ ಬೂದು ಬಣ್ಣದ, ಹತ್ತಿಯಂಥ ಲೋಳೆ ಜೋತುಬಿದ್ದಿದ್ದರೆ ಅಲ್ಲಿಗೆ ವಾರಗಟ್ಟಲೆಯಿಂದ ಕೊಳೆಯುವ ನೀರು ಬರುತ್ತಿದೆ. ಕಲ್ಲು ಮಗುಚಿ ಕೂಡ ನೋಡಿ. ಬಾಲದಲ್ಲಿ ಮೂರು ಎಳೆ ಇರುವ ಚಪ್ಪಟೆ ಹುಳುಗಳು ಓಡಾಡಿದರೆ ಒಳ್ಳೆಯ ನೀರು. ಬರೀ ಕೆಂಪು ದಾರದಂಥ ಹುಳು ಇದ್ದರೆ ಉಸಿರಿಲ್ಲದ ನೀರು. ನೀವು ಹಗಲು ಹೋಗುತ್ತೀರಿ, ಆ ಹುಳುಗಳು ರಾತ್ರಿಯೂ ಅಲ್ಲೇ ಇರುತ್ತವೆ. ಹೊತ್ತು ತಪ್ಪಿದ ಸ್ಯಾಂಪಲ್‌ಗೆ ಇದೇ ಮದ್ದು.

ಪಿಪೆಟ್_ರಾಣಿ:

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ವಿಷಯ ಇದೇ. ಮನುಷ್ಯರದ್ದಾ ದನದ್ದಾ ಎಂದು ಇ-ಕೋಲಿ ಎಣಿಕೆ ಹೇಳುವುದಿಲ್ಲ. ಅದಕ್ಕೆ ಕರುಳಿನ ಬ್ಯಾಕ್ಟೀರಿಯಾದ ಡಿಎನ್‌ಎ ಗುರುತು ನೋಡುವ ವಿಧಾನ ಇದೆ, ಎಚ್‌ಎಫ್183 ಅಂಥದ್ದೊಂದು. ಆದರೆ ದುಬಾರಿ. ಬೇರೆ ದೇಶದಲ್ಲಿ ಸರಿಬಂದ ಗುರುತು ನಮ್ಮ ಊರಿನ ಸಗಣಿ, ನಮ್ಮ ಊರಿನ ಮೋರಿ ಮೇಲೆ ಸರಿಬರುತ್ತದೆಯಾ ಎಂದು ಮೊದಲು ನೋಡಿಕೊಳ್ಳಬೇಕು.

ಅಗ್ಗದ್ದು ಇನ್ನೊಂದಿದೆ. ಬಟ್ಟೆ ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಎಂದು ಹೊಳಪಿನ ಬಣ್ಣ ಹಾಕಿರುತ್ತಾರೆ. ಅದು ಹತ್ತಿಗೆ ಅಂಟಿಕೊಳ್ಳುತ್ತದೆ, ಯುವಿ ಟಾರ್ಚಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಬಿಳುಪು ಮಾಡದ ಹತ್ತಿಯನ್ನು ಸೊಳ್ಳೆಪರದೆ ಬಟ್ಟೆಯಲ್ಲಿ ಸುತ್ತಿ, ನೆರಳಿರುವ ಕಡೆ ಕಲ್ಲಿಗೆ ಕಟ್ಟಿ, ನಾಲ್ಕೈದು ದಿನ ನೀರಲ್ಲಿ ಬಿಡಿ. ಬಿಸಿಲಿಗೆ ಆ ಬಣ್ಣ ಹೋಗಿಬಿಡುತ್ತದೆ, ಅದಕ್ಕೇ ನೆರಳು. ಕಟ್ಟುವ ಮೊದಲು ಹತ್ತಿಯನ್ನೇ ಟಾರ್ಚಿನಲ್ಲಿ ಒಮ್ಮೆ ನೋಡಿ, ಕೆಲವು ಹತ್ತಿ ಮೊದಲೇ ಹೊಳೆಯುತ್ತದೆ. ಟಾರ್ಚ್ 365 ನ್ಯಾನೋಮೀಟರ್‌ನದ್ದು ತಗೊಳ್ಳಿ. ದನ ಸೋಪು ಹಾಕುವುದಿಲ್ಲ. ಹತ್ತಿ ಹೊಳೆದರೆ ಮನೆ ಅಥವಾ ಲಾಡ್ಜ್ ನೀರು ಬರುತ್ತಿದೆ ಎಂದೇ. ಹಾಂ, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಮಾತ್ರ ಕಟ್ಟಬೇಡಿ.

ವಿದೇಶದಲ್ಲಿ ಮನುಷ್ಯರ ಕೊಳಚೆ ಹುಡುಕಲು ನೀರಿನಲ್ಲಿ ಕೆಫೀನ್ ನೋಡುತ್ತಾರೆ. ಕಾಫಿ ಕುಡಿಯುವುದು ಮನುಷ್ಯರೇ ತಾನೇ. ಆ ಟೆಸ್ಟನ್ನು ನಿಮ್ಮ ಹಳ್ಳದಲ್ಲಿ ಮಾಡಿದರೆ ಇಡೀ ಗುಡ್ಡವೇ ಅಪರಾಧಿ 🙂

ಟೀಚರ್_ಮಲೆನಾಡು:

ಎಲ್ಲರಿಗೂ ಥ್ಯಾಂಕ್ಸ್. ಪಲ್ಪಿಂಗ್ ಕಾಲ ಮುಗಿದುಹೋಗಿದೆ, ಅದು ಮುಂದಿನ ಡಿಸೆಂಬರಿಗೆ. ಎರಡನೇ ತೊಂದರೆ ಹಿಡಿದೆ.

ಲಾಗ್ ಪುಸ್ತಕ ನೋಡಿದೆ. ಟೀ ಕೂಡ ಬೇಕಾಗಲಿಲ್ಲ, ವಾಟರ್‌ಮ್ಯಾನ್ ಮಗಳು ನನ್ನ ಎಂಟನೇ ಕ್ಲಾಸಿನಲ್ಲಿ ಇದ್ದಾಳೆ. ಬ್ಲೀಚಿಂಗ್ ಡಿಸೆಂಬರಿನಲ್ಲಿ ಏರಿದೆ, ಅದು ಗೊತ್ತೇ ಇತ್ತು. ಆದರೆ ಮಾರ್ಚಿನಲ್ಲೂ ಪ್ರತಿ ವಾರ ಏರಿ ಇಳಿದಿದೆ. ಭಾನುವಾರ, ಸೋಮವಾರ ಜಾಸ್ತಿ, ಮತ್ತೆ ಬುಧವಾರದ ಹೊತ್ತಿಗೆ ಎಂದಿನಷ್ಟು. ಅವರು ಹೇಳಿದ್ದು: "ವಾಸನೆ ನೋಡಿ ಹಾಕ್ತೀನಿ ಮೇಡಂ. ವೀಕೆಂಡ್ ಟೂರಿಸ್ಟ್ ಬಂದರೆ ಒಂದು ಡಬ್ಬ ಜಾಸ್ತಿ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇತುವೆ ಹತ್ತಿರ ಅಳೆದದ್ದು. ಸೇತುವೆಯ ಮೇಲ್ಗಡೆ ಹಳ್ಳದಲ್ಲಿ ಸೆಕೆಂಡಿಗೆ 80 ಲೀಟರ್, ಪೆನ್ 32. ಬಲಗಡೆಯಿಂದ ಲೈನ್ ಮನೆಗಳ ಕಡೆಯ ತೋಡು, 6 ಲೀಟರ್, ಪೆನ್ 140. ನೋಡಲು ಅದೇ ಗಲೀಜು, ಎಲ್ಲರೂ ಅದನ್ನೇ ತೋರಿಸುತ್ತಾರೆ. ಲೆಕ್ಕ ಹಾಕಿದರೆ ಕೆಳಗೆ 39 ಅಥವಾ 40 ಬರಬೇಕು. ಬಂದದ್ದು 46. ಎರಡು ದಡದಲ್ಲೂ 46. ಪಿಎಚ್ ಪೇಪರ್ ಬಣ್ಣ ಬದಲಾಗಲಿಲ್ಲ. ಇದು ನನ್ನ ಪೆನ್ನಿನ ತಪ್ಪಾ, ಅಥವಾ ಮಧ್ಯೆ ಏನಾದರೂ ಇದೆಯಾ? ದಡದಲ್ಲಿ ಲಂಟಾನ ಪೊದೆ, ನನಗೆ ಏನೂ ಕಾಣಲಿಲ್ಲ.

ಲ್ಯಾಬ್_ಕಾಕಾ:

ಮೇಡಂ, ಬಹಳ ಚೆನ್ನಾಗಿ ಅಳೆದಿದ್ದೀರಿ.

ಪೆನ್ನಿನ ತಪ್ಪಲ್ಲ. ಮೂರೂ ಜಾಗದಲ್ಲಿ ಒಂದೇ ಪೆನ್, ತಪ್ಪಿದ್ದರೆ ಮೂರರಲ್ಲೂ ತಪ್ಪು. ಕಿತ್ತಳೆ ಹಣ್ಣಿನ ಅಳತೆ ಶೇ. 20 ಹೆಚ್ಚುಕಮ್ಮಿ ಆಗುವುದು ಸಹಜ. ಹಳ್ಳ 80 ಅಲ್ಲ 64, ತೋಡು 6 ಅಲ್ಲ 7.2 ಎಂದು ಎರಡನ್ನೂ ನಿಮಗೆ ವಿರುದ್ಧವಾಗಿಯೇ ತಪ್ಪಿಸಿ ನೋಡಿದೆ. ಆಗಲೂ 43 ದಾಟುವುದಿಲ್ಲ. ನಿಮಗೆ 46 ಬಂದಿದೆ. ಮಧ್ಯೆ ಪೈಪು ಇದೆ.

ಎಷ್ಟು ದೊಡ್ಡದು ಎಂದೂ ಹೇಳಬಹುದು. ಮೋರಿ ನೀರು 700 ಎಂದಿಟ್ಟುಕೊಂಡರೆ, 40 ಇದ್ದದ್ದನ್ನು 46 ಮಾಡಲು ಸೆಕೆಂಡಿಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಗಂಟೆಗೆ ಸುಮಾರು 3,000 ಲೀಟರ್. ಅದು ಒಂದು ಮನೆಯ ಬಚ್ಚಲಲ್ಲ. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸ್ನಾನ ಮಾಡಿ ರೂಮ್ ಖಾಲಿ ಮಾಡುವ ಹೊತ್ತು, ಅಲ್ವಾ. ನಾನು ಲೈನ್ ಮನೆಗಳನ್ನು ಬಿಟ್ಟು ಎಡದಡ ನೋಡುತ್ತೇನೆ. ಪೆನ್ ಹಿಡಿದುಕೊಂಡು ಎಡದಡದ ಅಂಚಿನಲ್ಲೇ ನಾಲ್ಕು ಹೆಜ್ಜೆಗೆ ಒಮ್ಮೆ ಅದ್ದುತ್ತಾ ಮೇಲಕ್ಕೆ ಹೋಗಿ. ಪೈಪಿನ ಬಾಯಿ ಹತ್ತಿರ ಬಂದಾಗ ಸಂಖ್ಯೆ ನೂರು ದಾಟಿ ಹಾರುತ್ತದೆ, ದಾಟಿದ ತಕ್ಷಣ 32ಕ್ಕೆ ಬೀಳುತ್ತದೆ. ಹಾವು ನೋಡಿಕೊಳ್ಳಿ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಟೀಚರ್_ಮಲೆನಾಡು:

ಸಿಕ್ಕಿತು. ಸೇತುವೆಯ ಕಲ್ಲುಗೋಡೆಗೆ ಅಂಟಿದಂತೆ ಪೊದೆಯ ಒಳಗೆ ದಪ್ಪ ಪಿವಿಸಿ ಪೈಪು, ಬಾಯಿ ನೀರಿನೊಳಗೆ ಮುಳುಗಿದೆ. ಅಲ್ಲಿ ಪೆನ್ 300 ದಾಟಿತು. ಪಿಪೆಟ್ ರಾಣಿ ಹೇಳಿದ ಹಾಗೆ ಹತ್ತಿ ಕೂಡ ಕಟ್ಟಿದ್ದೆ. ಕೆಳಗಿನದ್ದು ಟ್ಯೂಬ್‌ಲೈಟ್ ಥರ ಹೊಳೆಯುತ್ತಿದೆ, ಮೇಲಿನದ್ದು ಏನೂ ಇಲ್ಲ. ಯಾವ ಲಾಡ್ಜಿನದ್ದು ಎಂದು ಗೊತ್ತಾಗಿಲ್ಲ, ಒಂದಕ್ಕಿಂತ ಜಾಸ್ತಿ ಸೇರಿರಬಹುದು. ಯಜಮಾನರು ಬಣ್ಣದ ಪುಡಿಯನ್ನು ಅವರ ಟಾಯ್ಲೆಟ್ಟಿಗೆ ಹಾಕಿ ನೋಡೋಣ ಎನ್ನುತ್ತಿದ್ದಾರೆ. ಹಾಕಬಹುದಾ?

ಕಣದ_ಮನೆ:

ಹೂಮಳೆ ಹೊತ್ತಿಗೆ ಹೊಟ್ಟೆ ಕೆಡುವುದಕ್ಕೂ ಇದೇ ಕಾರಣ ಇರಬಹುದೇ ಕಾಕಾ? ಇದು ಮಳೆ ಇಲ್ಲದೆಯೂ ಹರಿಯುತ್ತಿದೆಯಲ್ಲ.

ಲ್ಯಾಬ್_ಕಾಕಾ:

ಒಳ್ಳೆಯ ಪ್ರಶ್ನೆ. ಪೂರ್ತಿ ಕಾರಣ ಇದೊಂದೇ ಎಂದು ಈಗಲೇ ಹೇಳಲಾಗದು. ಬೇಸಿಗೆಯಲ್ಲಿ ಒಡ್ಡಿನ ಹಿಂದೆ ನೀರು ನಿಂತು, ಕೊಳಕಿನ ಒಂದು ಪಾಲು ತಳದ ಕೆಸರಲ್ಲಿ ಕೂರುತ್ತದೆ. ಮೊದಲ ಜೋರು ಮಳೆಗೆ ಆ ಕೆಸರು ಎದ್ದು, ಜತೆಗೆ ಕೊಟ್ಟಿಗೆ, ಗುಂಡಿ ಎಲ್ಲದರದ್ದೂ ಸೇರಿ ಒಟ್ಟಿಗೆ ಬರುತ್ತದೆ. ನೀರು ರಾಡಿಯಾದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಮಳೆ ಬಿದ್ದ ಮೊದಲ ಗಂಟೆಗಳಲ್ಲಿ ಪಂಪ್ ನಿಲ್ಲಿಸಿ ಎಂದು ವಾಟರ್‌ಮ್ಯಾನ್‌ಗೆ ಹೇಳಿ. ಮುಂದಿನ ಮಳೆಗೆ ಪ್ರತಿ ತೋಡಿನದ್ದೂ ಒಂದೊಂದು ಬಾಟಲಿ ಇ-ಕೋಲಿಗೆ ಕೊಡಿ. ಬೇರೆ ಯಾವ ತೋಡು ಕೊಳಕು ತರುತ್ತಿದೆ ಎಂದು ಆಗ ತಿಳಿಯುತ್ತದೆ.

ಬಣ್ಣದ ಪುಡಿ ಬೇಡವೇ ಬೇಡ. ಕುಡಿಯುವ ನೀರಿಗೆ ಬಣ್ಣ ಹಾಕಿದವರು ನೀವು ಎಂದಾಗಿ, ಲಾಡ್ಜಿನವರು ದೂರು ಕೊಡುತ್ತಾರೆ. ಬಣ್ಣ ಹಾಕಿ ನೋಡುವುದು ಇದೆ, ಆದರೆ ಅದನ್ನು ಅಧಿಕಾರಿಗಳು, ಪಂಪ್ ನಿಲ್ಲಿಸಿ, ಎಲ್ಲರಿಗೂ ಹೇಳಿ ಮಾಡಬೇಕು.

ಇನ್ನೊಂದು ವಿಷಯ ನೆನಪಿಡಿ. ನೀವು ತುಂಬಿದ ಬಾಟಲಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಮಿನಲ್ಲಿ ಕೊಳಚೆಯ ಸ್ಯಾಂಪಲ್ ಹೇಗೆ ತೆಗೆಯಬೇಕು ಎಂದು ಬರೆದಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಜಾಗದವರಿಗೆ ನೋಟಿಸ್ ಕೊಟ್ಟು, ಅಲ್ಲೇ ಎರಡು ಪಾಲು ಮಾಡಿ, ಸೀಲ್ ಹಾಕಬೇಕು. ಅದು ತಪ್ಪಿದರೆ ವರದಿ ಸಾಕ್ಷಿಯಾಗುವುದಿಲ್ಲ. ಹಾಗಾಗಿ ದೂರಿನಲ್ಲಿ ಯಾವ ಲಾಡ್ಜಿನ ಹೆಸರೂ ಬೇಡ. ಪೈಪಿನ ಜಾಗದ ಸರ್ವೆ ನಂಬರ್, ಫೋಟೋ, ಮೂರು ಜಾಗದ ಪೆನ್ ಸಂಖ್ಯೆ, ಹರಿವು, ಲಾಗ್ ಪುಸ್ತಕದ ನಕಲು, ಇಷ್ಟು ಹಾಕಿ. ಪ್ರತಿ ಒಂದು ಪುರಸಭೆಗೆ, ಒಂದು ಮಂಡಳಿಯ ಪ್ರಾದೇಶಿಕ ಕಚೇರಿಗೆ, ಒಂದು ತಾಲ್ಲೂಕು ಆರೋಗ್ಯಾಧಿಕಾರಿಗೆ. ಮೂರಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಸ್ಯಾಂಪಲ್ ತೆಗೆಯಲು ವೀಕೆಂಡಿನಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಬರಬೇಕು ಎಂದು ಅರ್ಜಿಯಲ್ಲೇ ಬರೆಯಿರಿ, ಕಾರಣ ಸಮೇತ. ಭಾನುವಾರ ರಜೆ ಎಂದರೆ ಎರಡನೇ ಅಥವಾ ನಾಲ್ಕನೇ ಶನಿವಾರ ಬಿಟ್ಟು ಬೇರೆ ಶನಿವಾರ ಕೇಳಿ, ಅಥವಾ ಹಬ್ಬಕ್ಕೆ ಸೇರಿದ ಉದ್ದ ರಜೆಯ ಮರುದಿನ ಬೆಳಿಗ್ಗೆ ಕೇಳಿ. ಬುಧವಾರ ಮಧ್ಯಾಹ್ನ ಬಂದರೆ ಆ ಪೈಪಿನಿಂದ ಏನೂ ಬರುತ್ತಿರುವುದಿಲ್ಲ, "ಮಾಲಿನ್ಯ ಕಂಡುಬಂದಿಲ್ಲ" ಎಂದು ವರದಿ ಕೊಟ್ಟು ಹೋಗುತ್ತಾರೆ.

ಟೀಚರ್_ಮಲೆನಾಡು:

ಬರೆದುಕೊಂಡೆ ಕಾಕಾ. ಅರ್ಜಿ ಟೈಪ್ ಮಾಡಿ ಇಲ್ಲೇ ಹಾಕುತ್ತೇನೆ, ಕಳಿಸುವ ಮೊದಲು ಒಮ್ಮೆ ನೋಡಿಕೊಡಿ. ಲೈನ್ ಮನೆ ತೋಡಿನ 140 ಕೂಡ ಅದರಲ್ಲಿ ಹಾಕಲಾ? ಅಲ್ಲಿ ಇರುವುದು ಒಂದೇ ಸಾಲು ಶೌಚಾಲಯ, ಅದೂ ಬಾಗಿಲಿಲ್ಲ. ಹಾಕಿದರೆ ಅವರ ಮೇಲೇ ಬರುತ್ತದೇನೋ ಎಂದು ಯೋಚನೆ.

ಲ್ಯಾಬ್_ಕಾಕಾ:

ಹಾಕಿ. ಬಿಟ್ಟರೆ ಎದುರಿನವರು ಅದನ್ನೇ ಹಿಡಿದು ಕೇಳುತ್ತಾರೆ. ಸಂಖ್ಯೆಯ ಪಕ್ಕದಲ್ಲೇ ಎಷ್ಟು ಮನೆಗೆ ಎಷ್ಟು ಶೌಚಾಲಯ ಇದೆ, ಅದನ್ನು ಕಟ್ಟಿಕೊಡಬೇಕಾದವರು ಯಾರು ಎಂದೂ ಬರೆಯಿರಿ.